ಮನೆ ಅಳಿಯನ ಐದನೇ ಗೇರು

ನಮ್ಮ ಮನೆಯಲ್ಲಿ ಗಣಿತ ಬಲ್ಲವನು ನಾನೊಬ್ಬನೇ ಎಂಬುದು ನನ್ನ ನಂಬಿಕೆ. ಲೆಕ್ಕ ಬಲ್ಲವಳು ನನ್ನ ಹೆಂಡತಿ ಎಂಬುದು ಊರಿನ ನಂಬಿಕೆ. ಎರಡೂ ನಂಬಿಕೆಗಳು ಒಂದೇ ಸೂರಿನಡಿ ಬಹಳ ಕಾಲ ತಂಟೆ ತಕರಾರಿಲ್ಲದೆ ಬಾಳಿದವು. ವ್ಯಾನಿಗೆ ಇಂಜಿನ್ ಬದಲಿಸುವ ಪ್ರಸಂಗ ಬಂದಾಗಲೇ ಎದುರುಬದುರಾದದ್ದು.

ಸೂರು ಅಂದೆನಲ್ಲ, ಅದು ಮಾವನದು. ವ್ಯಾನೂ ಮಾವನದು. ಹೆಂಡತಿ ಮಾತ್ರ ನನ್ನವಳು. ಅದನ್ನೂ ಮಾವನವರು ಆಗಾಗ ‘ನಮ್ಮ ಹುಡುಗಿ’ ಎಂದು ತಿದ್ದುತ್ತಾರೆ. ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಅನುಪಾತ-ಸಮಾನುಪಾತ ಪಾಠ ಮಾಡಿಕೊಂಡು, ಸಂಜೆ ಅಡಿಕೆ ತೋಟದ ಮಧ್ಯದ ಆ ಮನೆಗೆ ಬಂದು ಕಾಫಿ ಕುಡಿಯುವ ಮನೆ ಅಳಿಯ ನಾನು. ವ್ಯಾನು ಎಂದರೆ ಹಳೆಯ ಟೆಂಪೋ ಟ್ರಾವೆಲರ್, ಊರವರ ಬಾಯಲ್ಲಿ ‘ಟಿಟಿ’. ನೆಂಟರ ಮದುವೆ ದಿಬ್ಬಣ, ಶೃಂಗೇರಿ ಯಾತ್ರೆ, ಮಂಡಿಗೆ ಹೋಗುವ ಅಡಿಕೆ ಮೂಟೆ, ರಾತ್ರಿಯ ಯಕ್ಷಗಾನ, ಎಲ್ಲಕ್ಕೂ ಅದೇ.

ಅದರ ಇಂಜಿನ್ನಿನ ಬಗ್ಗೆ ಮಾವನಿಗೆ ಇರುವ ಅಭಿಮಾನ ಅಳಿಯನ ಬಗ್ಗೆ ಇಲ್ಲ. ‘ನಮ್ಮದೂ ಬೆಂಜೇ’ ಎಂದು ಮದುವೆ ಮನೆಗಳಲ್ಲಿ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳುವುದನ್ನು ನಾನು ಮೊದಲು ಜಂಬ ಅಂದುಕೊಂಡಿದ್ದೆ. ಜಂಬ ಹೌದು, ಸುಳ್ಳಲ್ಲ. ಮರ್ಸಿಡಿಸ್ ಬೆಂಜ್ ಕಂಪನಿಯ ಓಎಂ 616 ಎಂಬ 2.4 ಲೀಟರ್ ಡೀಸೆಲ್ ಇಂಜಿನ್ 1973ರಿಂದ ಜರ್ಮನಿಯಲ್ಲಿ 240ಡಿ ಕಾರಿಗೆ ಬರುತ್ತಿತ್ತು. ಅದನ್ನೇ ಲೈಸೆನ್ಸ್ ಪಡೆದು ಇಲ್ಲಿ ಬಜಾಜ್ ಟೆಂಪೋದವರು, ಅಂದರೆ ಇಂದಿನ ಫೋರ್ಸ್ ಮೋಟಾರ್ಸ್‌ನವರು, ತಯಾರಿಸಿದರು. ಮೆಟಡಾರಿಗೂ ಹಾಕಿದರು, ಟ್ರಾವೆಲರಿಗೂ ಹಾಕಿದರು. ಸ್ಟುಟ್‌ಗಾರ್ಟಿನ ಸಾಹುಕಾರರನ್ನು ಹೊತ್ತು ತಿರುಗಿದ ವಂಶದ ಇಂಜಿನ್ನು ನಮ್ಮಲ್ಲಿ ಗೊಬ್ಬರದ ಚೀಲ ಹೊತ್ತಿತು. ಬೇಸರವೇನೂ ಮಾಡಿಕೊಂಡ ಹಾಗಿರಲಿಲ್ಲ.

ಆದರೆ ವಯಸ್ಸಾಗಿತ್ತು. ಚಳಿಗಾಲದ ಬೆಳಗ್ಗೆ ಹೀಟರ್ ಪ್ಲಗ್ ಕಾಯಿಸಿ ಎಬ್ಬಿಸಿದರೆ ಕೆಮ್ಮಿ, ಕ್ಯಾಕರಿಸಿ, ಅಂಗಳ ತುಂಬ ಬಿಳಿ ಹೊಗೆ ಬಿಡುತ್ತಿತ್ತು. ಪಂಚಾಯ್ತಿಯವರು ಸೊಳ್ಳೆಗೆ ಹೊಗೆ ಹಾಕಲು ಬಂದರೆಂದು ಪಕ್ಕದ ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಡೀಸೆಲ್ಲಿನಷ್ಟೇ ಆಯಿಲ್ಲನ್ನೂ ಕುಡಿಯತೊಡಗಿದ ಮೇಲೆ ಮನೆಯಲ್ಲಿ ಸಭೆ ಸೇರಿತು.

ಬೆಂಗಳೂರಿನ ಭಾವಮೈದುನ ಫೋನಿನಲ್ಲೇ ‘ಕ್ವಾಲಿಸ್ ಇಂಜಿನ್ ಹಾಕ್ಸಿ ಭಾವ, ಆ ಗಾಡಿ ಬಿಡದಿಯಲ್ಲಿ ತಯಾರಾದದ್ದು, ನಮ್ಮ ಕಡೆಯದ್ದೇ’ ಎಂದ. ಇಂಜಿನ್ನಿಗೂ ಊರಿನ ಅಭಿಮಾನ ನೋಡುವ ಜಾತಿ ಅವನು. ಮಾವ ‘ಇದ್ದದ್ದನ್ನೇ ಬೋರ್ ಮಾಡ್ಸಿ’ ಎಂದರು. ನಾನು ಮಾತ್ರ 407 ಎಂದೆ. ಟಾಟಾ 407ರಲ್ಲಿ ಬರುತ್ತಿದ್ದ 497 ಇಂಜಿನ್ನು 2,956 ಸಿಸಿ. ಸಾವಧಾನವಾಗಿ ತಿರುಗಿದರೂ ಎಳೆತ ಭರ್ತಿ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳನ್ನು ಹದಿನೈದು ಜನ ನೆಂಟರನ್ನು ತುಂಬಿಕೊಂಡು, ಯಾರನ್ನೂ ಇಳಿಸಿ ತಳ್ಳಿಸದೆ ಹತ್ತಬಲ್ಲ ಇಂಜಿನ್ನು. ಇದನ್ನೆಲ್ಲ ಹೇಳಿದಾಗ ಸಭೆಯಲ್ಲಿ ಮೌನ ಆವರಿಸಿತು. ನಾನದನ್ನು ಒಪ್ಪಿಗೆ ಎಂದು ತಿಳಿದೆ.

ಗ್ಯಾರೇಜಿನ ಅಂತೋನಿ ಮೇಸ್ತ್ರಿ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನನ್ನ ಯೋಜನೆಯನ್ನು ಪೂರ್ತಿ ಕೇಳಿದ. ಕೊನೆಗೆ, ‘ಇಂಜಿನ್ ತರೋದು ದೊಡ್ಡ ಕೆಲ್ಸ ಅಲ್ಲ ಮೇಷ್ಟ್ರೇ. ಅದು ಮನೆ ಅಳಿಯ ಇದ್ದಂಗೆ. ತಾಕತ್ತು ಎಷ್ಟಾದ್ರೂ ಇರ್ಲಿ, ಬಂದ ಮನೆ ಗೇರಿಗೆ ಹೊಂದ್ಕೋಬೇಕು’ ಎಂದ. ಪಕ್ಕದಲ್ಲಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಟೈರುಗಳ ಕಡೆ ತಿರುಗಿ ನಿಂತಳು. ಮೇಸ್ತ್ರಿಗೆ ಆಮೇಲೆ ಹೊಳೆದು ‘ನಿಮಗೆ ಹೇಳಿದ್ದಲ್ಲ ಮಾರಾಯ್ರೇ’ ಎಂದು ಸೇರಿಸಿದ. ಅದನ್ನು ಸೇರಿಸದಿದ್ದರೇ ಚೆನ್ನಾಗಿತ್ತು.

ಮಾತಂತೂ ಅಪ್ಪಟ ನಿಜ. ಹಳೆಯ ಇಂಜಿನ್ನು ನಿಮಿಷಕ್ಕೆ 4,000 ಸುತ್ತು ದಾಟಿ ತಿರುಗಬಲ್ಲದ್ದು. 407ರದು 2,800ಕ್ಕೇ ಸಾಕು ಎನ್ನುವ ಸ್ವಭಾವದ್ದು. ಹಳೆಯ ಇಂಜಿನ್ನಿಗೆಂದು ಕೂರಿಸಿದ ಗೇರುಗಳನ್ನೇ ಹೊಸದಕ್ಕೂ ಕೊಟ್ಟರೆ ಘಾಟಿಯೇನೋ ಹತ್ತುತ್ತದೆ, ಆದರೆ ಸಮತಟ್ಟಾದ ರಸ್ತೆಯಲ್ಲಿ ಅರಚುತ್ತಾ ತೆವಳುತ್ತದೆ. ಎಷ್ಟು ತೆವಳುತ್ತದೆ ಎಂಬುದಕ್ಕೆ ಸೂತ್ರವಿದೆ: ಇಂಜಿನ್ನಿನ ಸುತ್ತನ್ನು ಗೇರಿನ ಅನುಪಾತದಿಂದ ಭಾಗಿಸಿ, ಬಂದದ್ದನ್ನು ಹಿಂದಿನ ಆಕ್ಸಲಿನ ಅನುಪಾತದಿಂದ ಭಾಗಿಸಿ, ಟೈರಿನ ಸುತ್ತಳತೆಯಿಂದ ಗುಣಿಸಿದರೆ ವೇಗ. ಹತ್ತನೇ ತರಗತಿಯ ಹುಡುಗರೂ ಮಾಡುವ ಲೆಕ್ಕ. ನನ್ನ ಇಡೀ ವೃತ್ತಿಜೀವನದಲ್ಲಿ ಅನುಪಾತಕ್ಕೆ ಇಂಥ ಗೌರವದ ಕೆಲಸ ಸಿಕ್ಕಿರಲಿಲ್ಲ.

ಮೊದಲು ಟೈರು. ಟೈರಿನ ಸುತ್ತಳತೆಯನ್ನು ಖಾಲಿ ಚಕ್ರಕ್ಕೆ ಟೇಪು ಸುತ್ತಿ ಅಳೆಯಬಾರದು. ಭಾರ ಬಿದ್ದಾಗ ಟೈರು ನೆಲಕ್ಕೆ ಒತ್ತಿ ಒಂದಷ್ಟು ಕುಗ್ಗುತ್ತದೆ. ಭಾರ ಹೇರಿ, ಟೈರಿಗೂ ನೆಲಕ್ಕೂ ಚಾಕ್‌ಪೀಸಿನಲ್ಲಿ ಒಂದೊಂದು ಗೆರೆ ಎಳೆದು, ಒಂದು ಸುತ್ತು ಉರುಳಿಸಿ, ಗೆರೆ ಮತ್ತೆ ನೆಲ ಮುಟ್ಟಿದ ಜಾಗದವರೆಗೆ ಅಳೆಯಬೇಕು. ಅಡಿಕೆ ಒಣಹಾಕುವ ಅಂಗಳವೇ ಪ್ರಯೋಗಶಾಲೆಯಾಯಿತು. ಭಾರಕ್ಕೆ ಯಾರು? ‘ಅತ್ತೆ, ಮಾವ, ನೀವಿಬ್ಬರೂ ಸ್ವಲ್ಪ ಒಳಗೆ ಕೂತ್ಕೊಳ್ಳಿ’ ಎಂದೆ. ಎಲ್ಲಿಗೋ ಹೊರಟಿದ್ದೇವೆಂದು ಅತ್ತೆ ಸೀರೆ ಬದಲಿಸಿಕೊಂಡು, ಸಂಪಿಗೆ ಹೂ ಮುಡಿದು ಬಂದರು. ಎರಡು ಮೀಟರು ಇಪ್ಪತ್ತೈದು ಸೆಂಟಿಮೀಟರು ಪ್ರಯಾಣ ಮಾಡಿಸಿ ಇಳಿಸಿದೆ. ಆ ದಿನ ರಾತ್ರಿ ನನಗೆ ಬಡಿಸಿದ ಸಾರಿನಲ್ಲಿ ಬೇಳೆ ಇರಲಿಲ್ಲ.

ಆಮೇಲೆ ಆಕ್ಸಲ್. ಡಿಫರೆನ್ಶಿಯಲ್ ಬಿಚ್ಚದೆಯೇ ಅನುಪಾತ ತಿಳಿಯುವ ಉಪಾಯವಿದೆ. ಹಿಂದಿನ ಎರಡೂ ಚಕ್ರ ಜಾಕಿನ ಮೇಲೆ ಎತ್ತಿ, ಗೇರು ನ್ಯೂಟ್ರಲ್ ಮಾಡಿ, ಎರಡು ಚಕ್ರಗಳನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸುವುದು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ತಿರುಗಿತು ಎಂದು ಕೆಳಗೆ ಮಲಗಿದವನು ಎಣಿಸುವುದು. ಮಲಗಿದವನು ನಾನು. ಐದಕ್ಕೆ ಒಂಚೂರು ಕಡಿಮೆ ಬಂತು. ಗ್ರೀಸು ಮೆತ್ತಿದ ಮುಖ ಹೊರಗೆ ಚಾಚಿ, ‘4.8ರಿಂದ 4.9ರ ನಡುವೆ ಎಲ್ಲೋ ಇದೆ’ ಎಂದು ಘೋಷಿಸಿದೆ. ಅಂತೋನಿ ಮೇಸ್ತ್ರಿ ಕೂತಲ್ಲಿಂದ ಏಳದೆ ‘ಎಂಟು-ಮೂವತ್ತೊಂಬತ್ತು’ ಎಂದ. ಅವನಿಗೆ ಮೊದಲೇ ಗೊತ್ತಿತ್ತು. ‘ಮತ್ತೆ ಹೇಳ್ಲಿಲ್ಲ ಎಂತಕ್ಕೆ?’ ಎಂದೆ. ‘ನೀವು ಕೇಳ್ಲಿಲ್ಲ.’

ಡಿಫರೆನ್ಶಿಯಲ್ಲಿನ ಪಿನಿಯನ್‌ಗೆ 8 ಹಲ್ಲು, ಕ್ರೌನಿಗೆ 39. ಭಾಗಿಸಿದರೆ 4.875. ‘8ಕ್ಕೆ 40 ಹಲ್ಲು ಮಾಡಿದ್ರೆ ಸರಿಯಾಗಿ 5 ಬರ್ತಿತ್ತಲ್ಲ, ಈ ಅಡ್ಡಾದಿಡ್ಡಿ ಸಂಖ್ಯೆ ಯಾಕೆ?’ ಎಂದು ನನ್ನ ಮಗಳು ಕೇಳಿದಳು. ಕೇಳಬೇಕಾದ ಪ್ರಶ್ನೆ. 8ಕ್ಕೂ 39ಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಪಿನಿಯನ್‌ನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯ ಮೇಲೆ ಭೇಟಿಯಾಗುತ್ತದೆ. ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. 8ಕ್ಕೆ 40 ಇದ್ದಿದ್ದರೆ ಅದೇ ಹಲ್ಲಿಗೆ ಅದೇ ಹಲ್ಲು ಸದಾ ಗಂಟುಬಿದ್ದು, ಒಂದು ಮುಕ್ಕಾದರೆ ತನ್ನ ಜೊತೆಯದ್ದನ್ನೂ ಕೆಡಿಸುತ್ತಿತ್ತು. ಇಷ್ಟು ಸೊಗಸಾದ ಉದಾಹರಣೆ ಪಠ್ಯಪುಸ್ತಕದಲ್ಲಿ ಯಾಕಿಲ್ಲವೋ ಕಾಣೆ. ಮರುದಿನ ಎಂಟನೇ ತರಗತಿಗೆ ಮ.ಸಾ.ಅ. ಬಿಟ್ಟು ಇದನ್ನೇ ಪಾಠ ಮಾಡಿದೆ. ಹೆಡ್‌ಮಾಸ್ತರು ಕಿಟಕಿಯಿಂದ ನೋಡಿ ಮುಂದೆ ಹೋದರು.

ಒಂಟಿಕೊಪ್ಪಲ್ ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲೇ ನನ್ನ ಲೆಕ್ಕ ಬೆಳೆಯಿತು. ಟಾಪ್ ಗೇರು ಒಂದಕ್ಕೊಂದು. 2,800 ಸುತ್ತಿಗೆ, 4.875ರ ಆಕ್ಸಲಿನಲ್ಲಿ, ಗಂಟೆಗೆ 77 ಕಿಲೋಮೀಟರು ಸಿಗುತ್ತದೆ, ಅದೂ ಇಂಜಿನ್ನಿನ ಪ್ರಾಣ ಗಂಟಲಿಗೆ ಬಂದಾಗ. ಅದೇ 11ಕ್ಕೆ 41 ಹಲ್ಲಿನ ಕ್ರೌನ್-ಪಿನಿಯನ್ ಹಾಕಿದರೆ ಅನುಪಾತ 3.73, ಅಷ್ಟೇ ಸುತ್ತಿಗೆ 101 ಕಿಲೋಮೀಟರು. ಚಕ್ರದಲ್ಲಿ ಸಿಗುವ ಎಳೆತ ಸುಮಾರು ಕಾಲುಭಾಗ ಖೋತಾ ಆಗುತ್ತದೆ, ನಿಜ. ಆದರೆ 407ರ ಇಂಜಿನ್ನಿಗೆ ಆ ಖೋತಾ ತುಂಬಿಕೊಡುವ ಶಕ್ತಿ ಬೇಕಾದಷ್ಟಿದೆ.

ಈ ಬದಲಾವಣೆಯಿಂದ ಇನ್ನೊಂದು ಲಾಭವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಸ್ಪೀಡೋಮೀಟರಿನ ಕೇಬಲ್ಲು ಹೊರಡುವುದು ಗೇರ್‌ಬಾಕ್ಸಿನ ಹಿಂಭಾಗದಿಂದ. ಆಕ್ಸಲಿನ ಅನುಪಾತ ಬದಲಾಗಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅಲ್ಲಿನ ಪುಟ್ಟ ಗೇರನ್ನು ಬದಲಿಸದಿದ್ದರೆ ಮುಳ್ಳು ಹಳೆಯ ಲೆಕ್ಕದಲ್ಲೇ ನಡೆಯುತ್ತದೆ. ಮಾವನವರು ಜೀವಮಾನದಲ್ಲಿ ಮುಳ್ಳನ್ನು ನಲವತ್ತು ದಾಟಿಸಿದವರಲ್ಲ. ಅವರ ಹಿಂದೆ ಕೂತು ಶಿವಮೊಗ್ಗೆಗೆ ಹೋಗುವಾಗ ಸೈಕಲ್ಲಿನವರು ನಮ್ಮ ಜೊತೆ ಕುಶಲ ಮಾತಾಡುತ್ತಾ ಬರುತ್ತಿದ್ದದ್ದುಂಟು. ಹನ್ನೊಂದು-ನಲವತ್ತೊಂದು ಹಾಕಿಬಿಟ್ಟರೆ, ಮುಳ್ಳು ನಲವತ್ತು ತೋರಿಸುವಾಗ ವ್ಯಾನು ಐವತ್ತೆರಡರಲ್ಲಿ ಓಡುತ್ತಿರುತ್ತದೆ! ಮಾವನ ಮನಸ್ಸಿಗೂ ನೆಮ್ಮದಿ, ನಮ್ಮ ಪ್ರಯಾಣಕ್ಕೂ ವೇಗ. ಇಷ್ಟು ನಯವಾದ ಪಿತೂರಿಯನ್ನು ಯಾವ ಅಳಿಯನೂ ಯಾವ ಮಾವನ ಮೇಲೂ ಹೂಡಿರಲಾರ.

ಬೆಂಗಳೂರಿಗೆ ಹೋದೆ. ಹೊಸ ಬಿಡಿಭಾಗ ಬೇಕಾದವರು ಜೆ.ಸಿ. ರಸ್ತೆಗೆ ಹೋಗುತ್ತಾರೆ, ನನ್ನಂಥವರು ಶಿವಾಜಿನಗರದ ಗುಜರಿಗೆ. ಅಲ್ಲಿ ಗಲ್ಲಿಯ ಎರಡೂ ಬದಿ ಗೇರ್‌ಬಾಕ್ಸುಗಳು ಮಂಡಿಯ ಮೂಟೆಯಷ್ಟೆತ್ತರ ಪೇರಿಸಿವೆ, ನೆಲವೆಲ್ಲ ಆಯಿಲ್ಲಿನ ಕಪ್ಪು ಕೆಸರು. ಹನ್ನೊಂದು-ನಲವತ್ತೊಂದರ ಒಂದು ಜೋಡಿ ಸಿಕ್ಕಿತು. ಕ್ರೌನ್ ಒಂದೆಡೆಯದ್ದು, ಪಿನಿಯನ್ ಇನ್ನೊಂದೆಡೆಯದ್ದು ಕೊಳ್ಳಬಾರದು. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಜೋಡಿ ಮಾಡಿರುತ್ತಾರೆ, ಎರಡರ ಮೇಲೂ ಒಂದೇ ಗುರುತು ಕೊರೆದಿರುತ್ತದೆ. ನಾನು ಕನ್ನಡಕ ಏರಿಸಿ ಗುರುತು ಹೊಂದಿಸಿ ನೋಡಿದ್ದು ಕಂಡು ಅಂಗಡಿಯವನು ‘ಮೆಕ್ಯಾನಿಕ್ಕಾ ಸಾರ್?’ ಎಂದ. ಆ ಒಂದು ಮಾತಿಗೆ ಚೌಕಾಸಿ ಮಾಡುವುದನ್ನೇ ಬಿಟ್ಟೆ.

ಊರಿಗೆ ಬಂದು ಜೋಡಿಯನ್ನು ಜಗಲಿಯ ಮೇಲೆ ಇಟ್ಟೆ. ಹೆಂಡತಿ ಅದನ್ನು ನೋಡಲಿಲ್ಲ. ಅವಳ ಕೈಯಲ್ಲಿ ವ್ಯಾನಿನ ಆರ್‌ಸಿ ಇತ್ತು.

‘ರೀ, ಇದರಲ್ಲಿ ಇಂಜಿನ್ ನಂಬರ್ ಬರ್ದಿರೋದು ಅಲಂಕಾರಕ್ಕಾ?’

ಅವಳು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿಕೊಂಡೇ ಬಂದಿದ್ದಳು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಡಕ್ಕಾಗಿ ಹೇಳಿದೆ. ಹಳೆಯದು ಸತ್ತರೆ ಅದೇ ತಯಾರಿಕೆಯ, ಅದೇ ಬಗೆಯ ಇಂಜಿನ್ನನ್ನು ಮುಂಚಿತವಾಗಿ ಒಪ್ಪಿಗೆ ಪಡೆದು ಹಾಕಿಸಿ, ಹೊಸ ನಂಬರು ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಬೆಂಜಿನ ಜಾಗಕ್ಕೆ 407 ಎಂದರೆ, ನಾಳೆ ದಿಬ್ಬಣದ ಜೊತೆ ಅಪಘಾತವಾದಾಗ ವಿಮೆಯವರು ಕೈ ಎತ್ತುತ್ತಾರೆ.

ನಾನು ಸುಮ್ಮನೆ ಬಿಡುವವನಲ್ಲ. ರಾತ್ರಿ ಊಟದ ಹೊತ್ತಿಗೆ ಮಾತು ತಿರುಗಿಸಿ, ನಮ್ಮದೇ ಇಂಜಿನ್ನಿನ ವಂಶದ ಕಥೆ ತೆಗೆದೆ. ಗ್ರೀಸ್ ದೇಶದ ಥೆಸಲೋನಿಕಿಯಲ್ಲಿ ಗ್ರೆಗೋರಿಯೋಸ್ ಸಾಖಿನಿಡಿಸ್ ಎಂಬ ಟ್ಯಾಕ್ಸಿಯವನು ತನ್ನ 1976ರ ಮಾದರಿಯ 240ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿದ. 2004ರಲ್ಲಿ ಅದನ್ನು ಕಂಪನಿಯವರೇ ಪಡೆದು ಮ್ಯೂಸಿಯಮ್ಮಿಗೆ ಸೇರಿಸಿಕೊಂಡರು. ‘ಇಂಥ ಇಂಜಿನ್ನೇ ನಮ್ಮಲ್ಲಿ ಸುಸ್ತಾಗಿದೆ ಅಂದ್ರೆ, ಇನ್ನು ಅದರಿಂದ ಆಗಲ್ಲ ಅಂತ ತಾನೇ ಅರ್ಥ?’ ಎಂದೆ. ಮಾವನ ಕಣ್ಣಲ್ಲಿ ಹೆಮ್ಮೆಯೂ ದುಃಖವೂ ಒಟ್ಟಿಗೆ ಬಂದವು. ಹೆಂಡತಿ ಮಜ್ಜಿಗೆ ಬಡಿಸುತ್ತಾ, ‘ಅವನು ಇಂಜಿನ್ನುಗಳನ್ನ ಸರದಿ ಮೇಲೆ ಬದಲಾಯಿಸ್ತಾ ಇದ್ದ, ಅದನ್ನ ಓದ್ಲಿಲ್ವಾ? ಒಂದು ರಿಪೇರಿಗೆ ಕೂತ್ರೆ ಇನ್ನೊಂದು ಓಡ್ತಿತ್ತು. ಬದಲಾಯಿಸಿದ್ರೂ ಅದೇ ಜಾತಿದೇ ಹಾಕ್ತಿದ್ದ, 407 ಹಾಕ್ಲಿಲ್ಲ’ ಎಂದಳು.

ನಿರ್ಧಾರ ಅಲ್ಲಿಗೆ ಮುಗಿಯಿತು. ಮಜ್ಜಿಗೆ ಹುಳಿಯಾಗಿತ್ತು.

ಇಂಜಿನ್ನು ಅದೇ ಆದ ಮೇಲೆ ಹನ್ನೊಂದು-ನಲವತ್ತೊಂದರ ಮಾತೇ ಇಲ್ಲ. ಕಾಲುಭಾಗ ಎಳೆತ ಬಿಟ್ಟುಕೊಟ್ಟರೆ ಆ 65 ಕುದುರೆಗಳು ಆಗುಂಬೆಯ ಮೂರನೇ ತಿರುವಿನಲ್ಲೇ ಕಾಲು ಚಾಚಿ ಮಲಗುತ್ತವೆ. ಹಾಗಾದರೆ ಹೆದ್ದಾರಿಯಲ್ಲಿ? 80ರ ವೇಗಕ್ಕೆ ಇಂಜಿನ್ನು 2,890 ಸುತ್ತು ತಿರುಗಬೇಕು. ಒಳಗೆ ಕೂತವರು ಸನ್ನೆಯಲ್ಲೇ ಮಾತಾಡಬೇಕು. ಕ್ಯಾಲೆಂಡರಿನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದೆ. ‘ಕೆಳಗಿನ ಗೇರೆಲ್ಲ ಹಾಗೇ ಇರ್ಲಿ, ಮೇಲೆ ಇನ್ನೊಂದು ಸೇರ್ಸಕ್ಕೆ ಆಗಲ್ವಾ?’ ಎಂದು ಹಾಲಿನ ಲೆಕ್ಕ ಬರೆಯಲು ಬಂದ ಹೆಂಡತಿ ಕೇಳಿದಳು. ‘ಅದನ್ನೇ ಹೇಳಬೇಕು ಅಂತಿದ್ದೆ’ ಎಂದೆ. ಹೇಳಬೇಕು ಅಂತಲೇ ಇದ್ದೆ.

ನಮ್ಮದು ನಾಲ್ಕು ಗೇರಿನ ಪೆಟ್ಟಿಗೆ. ಅದೇ ಬಳಗದ ಮುಂದಿನ ಮಾದರಿಯ ಐದು ಗೇರಿನದು ಗುಜರಿಯಲ್ಲಿ ಸಿಗುತ್ತದೆ. ಆದರೆ ಐದು ಗೇರು ಎಂದ ಮಾತ್ರಕ್ಕೆ ಕೊಳ್ಳಬಾರದು. ಕೆಲವು ಪೆಟ್ಟಿಗೆಗಳಲ್ಲಿ ಐದನೆಯದು ಒಂದಕ್ಕೊಂದು. ಕೆಳಗಿನ ಅಂತರಗಳನ್ನು ಸಣ್ಣದಾಗಿ ಹಂಚಿರುತ್ತಾರೆ, ಅಷ್ಟೆ. ಇನ್ನು ಕೆಲವಲ್ಲಿ ನಾಲ್ಕನೆಯದು ಒಂದಕ್ಕೊಂದು, ಐದನೆಯದು ಓವರ್‌ಡ್ರೈವ್, ಅಂದರೆ ಇಂಜಿನ್ನಿಗಿಂತ ಶಾಫ್ಟು ಹೆಚ್ಚು ಸುತ್ತುತ್ತದೆ. ನಮಗೆ ಬೇಕಾದ್ದು ಇದು. ಶಿವಾಜಿನಗರದ ಅದೇ ಗಲ್ಲಿಯಲ್ಲಿ ಪೆಟ್ಟಿಗೆಯನ್ನು ಐದನೇ ಗೇರಿಗೆ ಹಾಕಿ, ಮುಂದಿನ ಶಾಫ್ಟಿಗೂ ಹಿಂದಿನ ಫ್ಲಾಂಜಿಗೂ ಚಾಕ್‌ಪೀಸಿನ ಗುರುತು ಮಾಡಿ, ಅಂತೋನಿ ಮೇಸ್ತ್ರಿ ಮುಂದೆ ತಿರುಗಿಸಿದ, ನಾನು ಹಿಂದೆ ಎಣಿಸಿದೆ. ಮುಂದೆ ಹತ್ತು, ಹಿಂದೆ ಹನ್ನೆರಡು. ಅನುಪಾತ 0.83. ಮೊಣಕಾಲು ಕೆಸರಿನಲ್ಲಿ ಊರಿ ನಾನು ಮಾಡಿದ ಸಂಭ್ರಮ ಕಂಡು ಅಂಗಡಿಯವನು ಬೆಲೆ ಏರಿಸಿದ.

ಇಂಜಿನ್ನನ್ನು ಮೇಸ್ತ್ರಿಯೇ ಆರಿಸಿದ. ನೆಲದ ಮೇಲೆಯೇ ಬ್ಯಾಟರಿ ಕೊಟ್ಟು, ಬಾಟಲಿಯಿಂದ ಡೀಸೆಲ್ ಬಿಟ್ಟು ಚಾಲೂ ಮಾಡಿಸಿ, ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಅದೇ ತೂತಿನ ಮೇಲೆ ಬೋರಲಾಗಿ ಇಟ್ಟ. ಪಿಸ್ಟನ್ ರಿಂಗು ಸವೆದಿದ್ದರೆ ಒಳಗಿನ ಗಾಳಿ ನುಗ್ಗಿ ಮುಚ್ಚಳ ಹಾರಿಬೀಳುತ್ತದೆ. ಇದು ಒಂದಿಷ್ಟು ನಡುಗಿತು, ಜಾರಿತು, ಬೀಳಲಿಲ್ಲ. ‘ಆಗ್ತದೆ’ ಎಂದ. ನನ್ನ ಹೆಂಡತಿ ಫೋನಿನಲ್ಲೇ ಬಿಲ್ಲು, ಯಾವ ಗಾಡಿಯದ್ದು ಎಂಬ ಕಾಗದ, ಎರಡೂ ಬೇಕೆಂದಳು. ‘ಕಾಗದಾನಾ?’ ಎಂದು ಅಂಗಡಿಯವನು ನನ್ನ ಮುಖ ನೋಡಿದ. ಕೊಡದಿದ್ದರೆ ನಾನು ಮನೆಗೆ ಹೋಗುವಂತಿಲ್ಲ ಎಂಬುದು ನನ್ನ ಮುಖದಲ್ಲೇ ಬರೆದಿದ್ದಿರಬೇಕು. ಕೊಟ್ಟ.

ಜೋಡಿಸುವಾಗಿನ ಕಥೆ ದೊಡ್ಡದು, ಚುಟುಕಾಗಿ ಹೇಳುತ್ತೇನೆ. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು, ಹೊರ ಅಳತೆ ಇಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು; ನಮ್ಮ ಹಳೆಯ ಪ್ಲೇಟಿನಲ್ಲಿ ಎರಡನೆಯದಷ್ಟೇ ಹೊಂದಿತು. ಶಾಫ್ಟಿನ ಮೂಗು ಕೂರುವ ಪೈಲಟ್ ಬೇರಿಂಗ್ ಸಡಿಲವಾಗಿ, ಲೇತಿನವನ ಹತ್ತಿರ ಬುಷ್ ಮಾಡಿಸಬೇಕಾಯಿತು. ಐದು ಗೇರಿನ ಪೆಟ್ಟಿಗೆ ಉದ್ದ ಜಾಸ್ತಿ, ಆದ್ದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಿದ್ದಾಯಿತು. ಬ್ಯಾಲೆನ್ಸ್ ಮಾಡಿಸದೆ ಹಾಕಿದರೆ ಕೂತವರ ಹಲ್ಲು ಸೆಟ್ಟು ಉದುರುತ್ತದೆ ಎಂದು ಮೇಸ್ತ್ರಿ ಹೇಳಿದಾಗ ಮಾವ ಬಾಯಿ ಮುಚ್ಚಿಕೊಂಡರು. ಮರೆಯಬಾರದ್ದು ವ್ಯಾಕ್ಯೂಮ್ ಪಂಪು: ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲಿನದರ ಹಾಗೆ ಬ್ರೇಕ್ ಬೂಸ್ಟರಿಗೆ ತಾನಾಗಿ ನಿರ್ವಾತ ಸಿಗುವುದಿಲ್ಲ, ಪಂಪೇ ಎಳೆಯಬೇಕು. ಗುಜರಿಯವನು ಅದನ್ನು ಬಿಚ್ಚಿಟ್ಟುಕೊಂಡಿದ್ದ. ಹಳೆಯ ಇಂಜಿನ್ನೇ ತನ್ನದನ್ನು ದಾನ ಮಾಡಿತು.

ಈಗ 80ರ ವೇಗದಲ್ಲಿ ಐದನೇ ಗೇರು ಹಾಕಿದರೆ ಇಂಜಿನ್ನು ತಿರುಗುವುದು 2,400 ಸುತ್ತು. ಓಎಂ 616 ತನ್ನ ಅತಿ ಹೆಚ್ಚಿನ ತಿರುಚುಬಲ, 137 ನ್ಯೂಟನ್ ಮೀಟರ್, ಕೊಡುವುದು ಸರಿಯಾಗಿ 2,400ಕ್ಕೆ! ಇದನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಸುತ್ತ ಚೌಕ ಎಳೆದಿದ್ದೇನೆ. ಅದು ಸಂಕಷ್ಟ ಚತುರ್ಥಿಯ ಮೇಲೆ ಬಿದ್ದು ಅತ್ತೆಯವರ ಉಪವಾಸ ಒಂದು ತಪ್ಪಿತು ಎಂಬ ದೂರಿದೆ.

ಮಾವ ಈಗಲೂ ನಲವತ್ತರಲ್ಲೇ ಓಡಿಸುತ್ತಾರೆ. ಆ ವೇಗಕ್ಕೆ ಐದನೇ ಗೇರು ಹಾಕಿದರೆ ಇಂಜಿನ್ನು 1,200 ಸುತ್ತಿಗಿಳಿದು ಗುಮುಗುಮು ಎಂದು ಒದ್ದಾಡುತ್ತದೆ. ಹಾಗಾಗಿ ಅವರು ಹಾಕುವುದಿಲ್ಲ. ಗೇರಿನ ಗುಂಡಿಯ ಮೇಲಿನ ‘5’ ಇನ್ನೂ ಹೊಸದಾಗಿ ಹೊಳೆಯುತ್ತಿದೆ. ನನಗೆ ಸ್ಟೀರಿಂಗು ಸಿಗುವುದು ಮಾವನಿಗೆ ಜ್ವರ ಬಂದಾಗ ಮಾತ್ರ, ಮತ್ತು ಅವರ ಆರೋಗ್ಯ ಬಹಳ ಚೆನ್ನಾಗಿದೆ.

ಹನ್ನೊಂದು-ನಲವತ್ತೊಂದರ ಆ ಕ್ರೌನ್ ಸದ್ಯ ಅತ್ತೆಯವರ ಅಪ್ಪೆಮಿಡಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿದೆ; ಪಿನಿಯನ್ ಕಾಳುಮೆಣಸಿನ ಚೀಲದ ಪಕ್ಕ ಇದೆ. ಜೋಡಿ ಒಂದೇ, ಗುರುತು ಸರಿಯಾಗಿದೆ, ಹಲ್ಲು ಒಂದೂ ಮುಕ್ಕಾಗಿಲ್ಲ. ಬೇಕಾದವರು ಬಂದು ನೋಡಬಹುದು. ಮಿಡಿ ಉಪ್ಪು ಕುಡಿಯುವವರೆಗೆ ಕೊಡಲಾಗುವುದಿಲ್ಲ ಎಂದು ಅತ್ತೆ ಹೇಳಿದ್ದಾರೆ. ಬೆಲೆಯ ಬಗ್ಗೆ ನನ್ನ ಹತ್ತಿರ ಮಾತು ಬೇಡ, ನನ್ನ ಹೆಂಡತಿಯನ್ನೇ ಕೇಳಿ.